ಒಂಬತ್ತು ಇಂಚು

ಆಟೋ ಕಾಂಪ್ಲೆಕ್ಸಿನ ನಾಲ್ಕನೇ ಅಡ್ಡರಸ್ತೆ,
ಲೇತಿನ ಮುಂದೆ ನಿಂತು ಮೂವತ್ತೊಂದು ವರ್ಷ.
ಪಂಪಿನ ಶಾಫ್ಟು, ಟಿಲ್ಲರಿನ ಪಿನ್ನು, ಗಿರಣಿಯ ಬುಷ್ಷು,
ತಿರುಗುವುದೇನಿದ್ದರೂ ನನ್ನ ಹತ್ತಿರ ತರುತ್ತಾರೆ.
ಇದನ್ನು ಮಾತ್ರ ಯಾರೂ ತಂದಿರಲಿಲ್ಲ.

ದಸ್ತಗೀರ್ ಗೋಣಿಚೀಲ ಬಿಚ್ಚಿದ.
ಗಡಿಗೆಯಷ್ಟು ಗಾತ್ರ, ಮೈಯೆಲ್ಲ ಹಳೇ ಎಣ್ಣೆಯ ಕಪ್ಪು.
"ಓವರ್‌ಡ್ರೈವ್ ಕಣೋ ರುದ್ರೋಜಿ, ಗುಜರೀಲಿ ಸಿಕ್ತು.
ಬಾಯಮ್ಮನ ವ್ಯಾನ್‌ಗಾರ್ಡಿಗೆ ಕೂರಿಸಬೇಕಂತೆ."

ಆ ಗಾಡಿಗೆ ಗೇರು ಮೂರೇ.
ಮೂರು ಮುಗಿದ ಮೇಲೆ ಹೋಗಲು ಜಾಗವಿಲ್ಲ,
ಇಂಜಿನ್ನು ಕೂಗುತ್ತದೆ, ಕೂಗಿಕೊಂಡೇ ಓಡುತ್ತದೆ.
ಇದು ಕೂತರೆ, ಹಿಂದಿನ ಶಾಫ್ಟು ನೂರು ಸುತ್ತುವಷ್ಟರಲ್ಲಿ
ಇಂಜಿನ್ನಿಗೆ ಎಪ್ಪತ್ತೆಂಟು ಸಾಕು.
"ಉಳಿದ ಇಪ್ಪತ್ತೆರಡು ಯಾರ ಲೆಕ್ಕಕ್ಕೆ?" ಅಂದೆ.
"ಕಿವಿಯ ಲೆಕ್ಕಕ್ಕೆ" ಅಂದು ಬೀಡಿ ಹಚ್ಚಿದ.

ಬಾಯಮ್ಮ ಎಂದರೆ ಸೆರಫಿನ್ ಬಾಯಮ್ಮ,
ಮಿಶನ್ ಆಸ್ಪತ್ರೆಯ ನರ್ಸು, ರಿಟೈರಾಗಿ ಹದಿನಾರು ವರ್ಷ.
ಆಸ್ಪತ್ರೆಯ ಗಾಡಿ ಹರಾಜಿಗೆ ಬಂದಾಗ
ಬಳೆ ಮಾರಿ ಹಿಡಿದುಕೊಂಡರಂತೆ.
ತೀರ್ಥಹಳ್ಳಿಯಿಂದ ತಾವೇ ಓಡಿಸಿಕೊಂಡು ಬಂದು
ಸ್ಟೂಲು ಎಳೆದು ಕೂತರು ಎಂಟು ದಿನ, ಕ್ರೋಶ ಹೆಣೆಯುತ್ತ.
"ನಿಮ್ಮ ಕಡೆ ಏರು, ತಿರುವು. ಅಲ್ಲಿ ಇದು ಕೆಲಸಕ್ಕೆ ಬರಲ್ಲ."
"ನೇರ ರಸ್ತೆ ಎಲ್ಲಿದೆ?"
"ಭದ್ರಾವತಿ ಕಡೆ. ಒಂದೆರಡು ಮೈಲಿ."
"ಅಷ್ಟು ಸಾಕು."

ಭದ್ರಾವತಿಯ ಕಬ್ಬಿಣವನ್ನೇ ಕೊರೆದು ನಡುವಿನ ಪ್ಲೇಟು.
ಹಲ್ಲಿಗೆ ಹಲ್ಲು ಅಳೆದು, ತಪ್ಪಿ, ಮತ್ತೆ ಅಳೆದು;
ಒಂದು ಶಾಫ್ಟು ಕೆಟ್ಟೇ ಹೋಯಿತು, ಕೂದಲೆಳೆ ಹೆಚ್ಚು ತಿಂದು.
ಹೊಸದು ಕೂರಬೇಕಾದರೆ ಹಳೆಯದು ಸರಿಯಬೇಕು:
ಪ್ರೊಪೆಲ್ಲರ್ ಶಾಫ್ಟಿಗೆ ಗರಗಸ. ಒಂಬತ್ತು ಇಂಚು.
ಬೆಸೆದು ತಿರುಗಿಸಿದರೆ ನಡುಕ.
ಚೂರು ತೂಕ ಅಂಟಿಸಿ, ಕಿತ್ತು, ಅಂಟಿಸಿ,
ನಡುಕ ನಿಂತದ್ದು ಶುಕ್ರವಾರ,
ದಸ್ತಗೀರ್ ನಮಾಜಿಗೆ ಹೋಗಿದ್ದ ಹೊತ್ತಿನಲ್ಲಿ.

ಒಂದೇ ಪಥ್ಯ ಹೇಳಿದೆ:
"ರಿವರ್ಸಿನಲ್ಲಿ ಇದನ್ನು ಹಾಕಬೇಡಿ ಬಾಯಮ್ಮ,
ಹಿಂದಕ್ಕೆ ಹೋದರೆ ಒಳಗಿನದು ಪುಡಿಯಾಗುತ್ತೆ."
ಸೂಜಿ ನಿಲ್ಲಿಸಿ ನೋಡಿದರು. ಏನೂ ಅನ್ನಲಿಲ್ಲ.

ರಾತ್ರಿ ಹತ್ತರ ಮೇಲೆ, ಲಾರಿ ಕಮ್ಮಿಯಾದಾಗ,
ಮಲವಗೊಪ್ಪ ದಾಟಿ ನಿದಿಗೆ ಕಡೆಗೆ.
ನಲವತ್ತು. ಐವತ್ತು. ಕೂಗು ಏರಿತು.
ಗಾಜು, ಬಾಗಿಲು, ನನ್ನ ಕಟ್ಟಿಸಿದ ಹಲ್ಲು, ಎಲ್ಲ ಗದಗದ.
"ಈಗ" ಅಂದ ದಸ್ತಗೀರ್.
ಟಿಕ್.
ಒಂದು ಉಸಿರಿನಷ್ಟು ತಡ.
ಆಮೇಲೆ ಇಂಜಿನ್ನು ದನಿ ಇಳಿಸಿತು,
ಜಗಳದ ನಡುವೆ ತೊಟ್ಟಿಲ ನೆನಪಾದ ಹೆಂಗಸಿನ ಹಾಗೆ.
ಮುಳ್ಳು ಐವತ್ತರಲ್ಲೇ ಇತ್ತು.
ಟಯರಿನ ಸದ್ದು ಕೇಳಿತು. ಗದ್ದೆಯ ಕಪ್ಪೆ ಕೇಳಿತು.
ಹಿಂದಿನ ಸೀಟಿನಲ್ಲಿ ಸ್ಪ್ಯಾನರು ಉರುಳಿದ್ದು ಕೇಳಿತು.

ಆ ಸದ್ದಿಗೆ ಬಾಯಮ್ಮ ಕನ್ನಡಿಯಲ್ಲಿ ಹಿಂದೆ ನೋಡಿದರು.
"ಆರಗದ ಆಚೆಯಿಂದ ಒಂದು ರಾತ್ರಿ
ತಾಯಿ, ಮಗು, ಇಬ್ಬರನ್ನೂ ಹಾಕ್ಕೊಂಡು ಹೊರಟಿದ್ದೆ.
ಮಗು ಅಳ್ತಿತ್ತು. ಅಳಲಿ, ಅತ್ತರೆ ಒಳ್ಳೇದು ಅಂತ ಒತ್ತಿದೆ.
ಗಾಜನೂರು ದಾಟಿದ ಮೇಲೆ ಇನ್ನೂ ಒತ್ತಿದೆ.
ಗಾಡಿ ಕೂಗ್ತಿತ್ತು.
ಮಗು ಎಲ್ಲಿ ನಿಲ್ಲಿಸ್ತು ಅನ್ನೋದು
ನಂಗೆ ಗೊತ್ತಾಗ್ಲೇ ಇಲ್ಲ."

ದಸ್ತಗೀರ್ ಕಿಟಕಿ ಇಳಿಸಿದ, ಮತ್ತೆ ಏರಿಸಿದ.
ಮಾಚೇನಹಳ್ಳಿಯಲ್ಲಿ ಎದುರಿಗೆ ಲಾರಿ;
ಮತ್ತೆ ಟಿಕ್, ಮತ್ತೆ ಕೂಗು.

ಬೆಳಿಗ್ಗೆ ದುಡ್ಡು ಎಣಿಸಿಕೊಟ್ಟು ತೀರ್ಥಹಳ್ಳಿ ರಸ್ತೆ ಹಿಡಿದರು.
ಮಂಡಗದ್ದೆ ತಿರುವುಗಳಲ್ಲಿ ಆ ಸ್ವಿಚ್ಚಿಗೆ ಕೆಲಸವಿಲ್ಲ.
ಗಾಡಿ ನಿಂತಿದ್ದ ಕಡೆ ಎರಡು ಹನಿ ಎಣ್ಣೆ;
ಸೀಲು ಇನ್ನೂ ಸರಿಯಾಗಿ ಕೂತಿಲ್ಲ, ಬರಹೇಳಬೇಕು.

ಕತ್ತರಿಸಿದ ಒಂಬತ್ತು ಇಂಚು ಮೇಜಿನ ಮೇಲಿದೆ,
ಬಿಲ್ಲುಗಳು ಹಾರದ ಹಾಗೆ.
ಗುಜರಿಯವನು ತಿಂಗಳಿಗೊಮ್ಮೆ ಕೇಳುತ್ತಾನೆ.
ಒಂದು ಮಧ್ಯಾಹ್ನ ಕೊಳವೆಗೆ ಕಿವಿ ಇಟ್ಟು ನೋಡಿದೆ:
ಪಕ್ಕದ ಶೆಡ್ಡಿನ ವೆಲ್ಡಿಂಗಿನ ಚಿಟಚಿಟ, ಅಷ್ಟೇ.
ಆದರೂ ಕೊಟ್ಟಿಲ್ಲ.